ನಿನ್ನ ಹೆಸರಿನ ತೆಂಗಿನಮರ

ಅಮ್ಮಾ,

ನೀನು ಹುಟ್ಟಿದ ಈ ಕೇಯ್ ದ್ವೀಪದಲ್ಲಿ ನಮ್ಮದೇನೂ ಇಲ್ಲ ಎಂದು ಆಂಬೋನ್ ಪೇಟೆಯಲ್ಲಿ ಕೂತು ಹೇಳುತ್ತಿದ್ದೆಯಲ್ಲ? ಬೋನಿ ಮಾವನ ಅಂಗಳದಲ್ಲಿ ನಿನ್ನದೊಂದು ತೆಂಗಿನಮರ ಇದೆ. ನೀನು ಹುಟ್ಟಿದ ದಿನ ಅಜ್ಜ ನೆಟ್ಟಿದ್ದಂತೆ. ಅದು ಮಾಡಿನ ಮೇಲೆ ವಾಲಿತೆಂದು ಹೋದ ವಾರ ಮೂವತ್ತು ಜನ ಸೇರಿ ಮಾವನ ಬಿದಿರಿನ ಮನೆಯನ್ನೇ ಎತ್ತಿ ಹತ್ತು ಹೆಜ್ಜೆ ಆಚೆ ಇಟ್ಟರು. ನಾನೂ ಒಂದು ಮೂಲೆಗೆ ಹೆಗಲು ಕೊಟ್ಟೆ.

"ಮರಾನೇ ಕಡೀಬಹುದಿತ್ತಲ್ಲ ಮಾವ?" ಅಂದೆ.

"ನೆಲ ನಂದು, ಮನೆ ನಂದು. ಮರ ನಿಮ್ಮಮ್ಮಂದು ಕಣೇ. ಪೇಟೇಲಿ ಇಷ್ಟೂ ಕಲಿಸ್ಲಿಲ್ವಾ?"

ನಿನ್ನ ಕಾಯಿಗಳನ್ನೂ ಯಾರೂ ಮುಟ್ಟುವುದಿಲ್ಲ. ಬಿದ್ದಲ್ಲೇ ಮೊಳೆತು ಒಂಬತ್ತು ಮರಗಳಾಗಿವೆ, ಅವೂ ನಿನ್ನವೇ. ಈಗ ಮನೆಯ ಒಂದು ಕಡೆ ನಿನ್ನ ತೋಪು, ಇನ್ನೊಂದು ಕಡೆ ಸಮುದ್ರ. ಕಡಿಯಲು ಕಾಗದದಲ್ಲಿ ಒಪ್ಪಿಗೆ ಬರೆದರೆ ಸಾಲದಂತೆ, ನೀನೇ ಬಂದು ಮರ ಮುಟ್ಟಿ ಹೇಳಬೇಕಂತೆ. ನಾವು ಸಾಹುಕಾರರಾದೆವೆಂದು ಕುಣಿಯಲೋ, ಮಾವನ ಮುಖ ನೋಡಿ ಅಳಲೋ, ತಿಳಿಯುತ್ತಿಲ್ಲ.

ಮನೆ ಎತ್ತಿದ ಮರುದಿನ ಹಿಡಿದಿದ್ದ ನನ್ನ ಜ್ವರ ಬಿಟ್ಟಿದೆ. ಟಪಾಲಿನ ದೋಣಿ ಹೊರಡುತ್ತಿದೆ. ಅತ್ತೆ ಒಳಗಿನಿಂದ ಕೂಗುತ್ತಿದ್ದಾಳೆ: "ಬೇಗ ಬರೋಕೆ ಬರಿಯೇ! ಇನ್ನೊಂದ್ಸಲ ಎತ್ತಿಟ್ರೆ ದೋಣಿ ಥರ ಮನೆಗೂ ಹುಟ್ಟು ಹಾಕ್ಬೇಕಾಗುತ್ತೆ!"

ಮಾರ್ಸೆಲಿನಾ