ಹೆಪ್ಪಿನ ಕೂಗು

ವೊಸ್, ನವೆಂಬರ್ ೯

ಪ್ರೀತಿಯ ಸುನ್ನಿವಾ,

ನೀನು ಫೋನ್ ಎತ್ತುತ್ತಿಲ್ಲ. ಮೊನ್ನೆ ಬಂದ ನಿನ್ನ ಸಂದೇಶದಲ್ಲಿ ಇದ್ದದ್ದು ಇಷ್ಟೇ: ಅಪ್ಪನ ಮಣ್ಣಿಗೆ ಬರಲಾರೆ, ಕಾರಣ ಕೇಳಬೇಡ. ಕೇಳುವುದಿಲ್ಲ, ಏಕೆಂದರೆ ಕಾರಣ ನನಗೆ ಗೊತ್ತು. ನಿನ್ನ ಅಪ್ಪ ಕುಡಿದು ಬಿದ್ದು ಸತ್ತರೆಂಬ ಮಾತು ನೀನಿರುವ ಬರ್ಗೆನ್ನಿನವರೆಗೂ ತಲುಪಿದೆ. ಇಲ್ಲಿ ಅದು ಹಿಮಕ್ಕಿಂತ ಬೇಗ ಬೀದಿ ತುಂಬಿತು.

ಕುಡಿದಿರಲಿಲ್ಲ. ರಕ್ತ ಪರೀಕ್ಷಿಸಿದ ಡಾಕ್ಟರೇ ಹೇಳಿದ್ದಾರೆ, ಒಂದು ತೊಟ್ಟೂ ಇರಲಿಲ್ಲ. ಬಿಯರ್ ಕಾಯಿಸುವ ದಿನಗಳಲ್ಲಿ ಅವರು ಕಾಫಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲವೆಂದು ನಿನಗೂ ಗೊತ್ತು. ಆದರೆ ಬುಧವಾರ ಅಂಗಡಿಗೆ ಹೋದಾಗ, ನನ್ನ ದುರದೃಷ್ಟಕ್ಕೆ, ಕಿವಿಗೆ ಯಂತ್ರ ಹಾಕಿಕೊಂಡಿದ್ದೆ. ಚೀಸಿನ ಕಪಾಟಿನ ಆಚೆ ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು: “ಮನೆ ಕೆಳಗೇ ಹೆಂಡದಂಗಡಿ ಇಟ್ಕೊಂಡ್ರೆ ಇನ್ನೇನಾಗತ್ತೆ? ಹಂಡೆಯೊಳಗೇ ಬಿದ್ದಿದ್ರಂತೆ.” ನಾನು ಸುತ್ತಿಕೊಂಡು ಹೋಗಿ ಅವಳ ಎದುರು ನಿಂತೆ. “ಹಂಡೇಲಿ ಅಲ್ಲಮ್ಮ, ನೆಲದ ಮೇಲೆ. ಹಂಡೇಲಿದ್ದಿದ್ದು, ನಿನ್ನ ಮದುವೇಲಿ ನಿಮ್ಮಪ್ಪ ಕುಡಿದು ಕುಣಿದನಲ್ಲ, ಅದೇ ಬಿಯರು” ಎಂದೆ. ಅವಳು ಬುಟ್ಟಿ ಅಲ್ಲೇ ಬಿಟ್ಟು ಹೋದಳು.

ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ಊರಿನವರ ಬಾಯಿಂದ ನಿನಗೆ ಬಂದದ್ದನ್ನು ಇದರಿಂದ ತೊಳೆದುಕೋ.

ನಾನು ಚಿಕ್ಕವಳಾಗಿದ್ದಾಗ ಈ ಕಣಿವೆಯಲ್ಲಿ ಯಾರೂ ವಾಸದ ಮನೆಯೊಳಗೆ ಬಿಯರ್ ಮಾಡುತ್ತಿರಲಿಲ್ಲ. ಪ್ರತಿ ಮನೆಗೂ ಹೊಳೆಯ ದಡದಲ್ಲಿ ಬೇರೆಯೇ ಒಂದು ಮರದ ಕೊಟ್ಟಿಗೆ ಇರುತ್ತಿತ್ತು. ಹಲಗೆಗಳ ಸಂದಿಯಿಂದ ಗಾಳಿ ನುಗ್ಗುತ್ತಿತ್ತು, ಹಿಮವೂ ನುಗ್ಗುತ್ತಿತ್ತು. ಹಿಂದಿನವರಿಗೆ ಬಿಗಿಯಾಗಿ ಕಟ್ಟಲು ಬರುತ್ತಿರಲಿಲ್ಲವೆಂದು ಈಗಿನವರು ನಗುತ್ತಾರೆ. ಆ ಸಂದಿಗಳೇ ಅವರನ್ನು ಬದುಕಿಸಿದ್ದು. ನಮ್ಮ ಕೊಟ್ಟಿಗೆಯನ್ನು ರಸ್ತೆ ಅಗಲ ಮಾಡಲು ಕೆಡವಿದರು. ಇನ್ನೊಂದು ಕಟ್ಟಲು ಕೇಳಿದರೆ, ಮೇಲಿನ ಹೊಸ ಮನೆಗಳವರಿಗೆ ಹೊಗೆ ಒಗ್ಗುವುದಿಲ್ಲ ಎಂದು ಪುರಸಭೆ ಅನುಮತಿ ಕೊಡಲಿಲ್ಲ. ನಿನ್ನ ಅಪ್ಪ ಜಗಳವಾಡಲಿಲ್ಲ. ಅವರ ಪಾಲಿನ ಜಗಳವನ್ನೂ ನಾನೇ ಆಡಿದೆ, ಸೋತೆ. ಅವರು ನೆಲಮಾಳಿಗೆಗೆ ಇಳಿದರು.

ಎರಡು ಚಳಿಗಾಲ ಅಲ್ಲೇ ಕಳೆದರು. ನೀನು ಆ ಕೋಣೆ ಮುಗಿದ ಮೇಲೆ ನೋಡಲಿಲ್ಲ. ಆಲೂಗಡ್ಡೆ ಇಡುತ್ತಿದ್ದ ಕತ್ತಲ ಮೂಲೆಯನ್ನು ಆಸ್ಪತ್ರೆಯ ಹಾಗೆ ಬೆಳಗಿಸಿದ್ದರು. ಗೋಡೆಗೆ ಬಿಳಿ ಹೆಂಚು, ತೊಳೆದ ನೀರು ತಾನೇ ಹರಿದು ಮೋರಿ ಸೇರುವಂತೆ ನೆಲಕ್ಕೆ ಇಳಿಜಾರು, ಅಜ್ಜನ ತಾಮ್ರದ ಹಂಡೆಗೆ ಹೊಸ ಕಾಲು, ಆವಿ ಎಳೆಯಲು ಸೂರಿನ ಹತ್ತಿರ ಫ್ಯಾನು. ನೆಲದ ಮೇಲೆ ಗೋಲಿ ಉರುಳಿಸಿ ನನಗೆ ತೋರಿಸುತ್ತಿದ್ದರು. “ನೋಡೆ ಗೂರೊ, ಎಲ್ಲಿ ಬಿಟ್ರೂ ಮೋರಿಗೇ ಹೋಗತ್ತೆ” ಅಂತ. ಅರವತ್ತು ದಾಟಿದ ಮನುಷ್ಯ ಮಂಡಿಯೂರಿ ಗೋಲಿಯ ಹಿಂದೆ ಹೋಗುವುದನ್ನು ನೋಡಿ ನಾನು ಬಯ್ಯಲಿಲ್ಲ.

ಆ ಕೋಣೆಯ ಗೋಡೆಯ ಬುಡದಲ್ಲಿ, ಹೊರಗಿನ ಇಳಿಜಾರಿಗೆ ತೆರೆಯುವ ಒಂದು ಕಿಂಡಿ ಇತ್ತು, ನಿನ್ನ ಅಜ್ಜಿ ಅದನ್ನು ಬೆಕ್ಕಿನ ಕಿಂಡಿ ಎನ್ನುತ್ತಿದ್ದರು. ಮನೆಯ ಕಾವು ಅಳೆಯಲು ಬಂದ ತಜ್ಞನೊಬ್ಬ ಅದನ್ನು ಕಂಡು, “ಅರ್ಧ ಮನೆ ಕಾವು ಇದರಲ್ಲೇ ಹೋಗ್ತಿದೆ. ಇಲಿಗಳಿಗೂ ಬಾಗಿಲು ಇಟ್ಟಿದೀರಲ್ಲ ಸ್ವಾಮಿ” ಎಂದ. ನಿನ್ನ ಅಪ್ಪ ನಕ್ಕು, ಅವನ ಎದುರೇ ಅದಕ್ಕೆ ಡಬ್ಬಿಯಿಂದ ಗಟ್ಟಿಯಾಗುವ ನೊರೆ ತುಂಬಿ ಮುಚ್ಚಿದರು. ಹುದುಗುವ ಬಿಯರಿಗೆ ಬೆಚ್ಚಗಿನ ಕೋಣೆ ಬೇಕಿತ್ತು, ಅದೂ ಸಿಕ್ಕಿತು. ಹುದುಗುವಾಗ ಬಿಯರ್ ಬಿಡುವ ಗಾಳಿ ಭಾರದ್ದು, ಸೂರಿನ ಫ್ಯಾನಿಗೆ ಸಿಗದೆ ನೀರಿನ ಹಾಗೆ ನೆಲದಲ್ಲೇ ನಿಲ್ಲುತ್ತದೆ ಎಂದು ಆ ತಜ್ಞ ಹೇಳಲಿಲ್ಲ. ಅವನ ಪಟ್ಟಿಯಲ್ಲಿ ಚಳಿ ಇತ್ತು, ಸಾವು ಇರಲಿಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ನಾನು ಶಾಲೆಗೆ ಹೋಗುತ್ತಿದ್ದಾಗ ಬೆಟ್ಟದ ಮೇಲಿನ ಮನೆಯೊಂದರಲ್ಲಿ ಅಣ್ಣ, ಚಳಿ ಹೆಚ್ಚಾದಾಗ ಕೊಟ್ಟಿಗೆಯಿಂದ ತಂದು ಬಿಯರ್ ಇಟ್ಟಿದ್ದ ನೆಲಮಾಳಿಗೆಗೆ ಇಳಿದವನು ಬರಲಿಲ್ಲ, ಅವನನ್ನು ತರಲು ಹೋದ ತಮ್ಮನೂ ಬರಲಿಲ್ಲ. ಆಮೇಲೆ ಎಲ್ಲರೂ ಮೇಣದ ಬತ್ತಿ ಹಿಡಿದೇ ಇಳಿಯುತ್ತಿದ್ದರು. ನಿನ್ನ ಅಜ್ಜಿ ಬತ್ತಿಯನ್ನು ಮುಖದ ಮುಂದೆ ಹಿಡಿಯುತ್ತಿರಲಿಲ್ಲ, ಮೊಣಕಾಲಿನ ಹತ್ತಿರ ಹಿಡಿಯುತ್ತಿದ್ದರು. ಜ್ವಾಲೆ ಕುಗ್ಗಿದರೆ ಹಿಂದಕ್ಕೆ. ಹೊಸ ಕೋಣೆಗೆ ಅಷ್ಟು ದೀಪ ಹಾಕಿಸಿದ ಮೇಲೆ ಬತ್ತಿ ಯಾರಿಗೆ ಬೇಕು? ಅದು ಬೆಳಕಿಗಾಗಿ ಇದ್ದದ್ದೆಂದೇ ನಿನ್ನ ಅಪ್ಪ ತಿಳಿದಿದ್ದರು.

ಗುರುವಾರ ಸಂಜೆ, ಕಾಯಿಸಿ ಆರಿಸಿದ ಬಿಯರು ಹುದುಗಲೆಂದು ಹೆಪ್ಪು ಹಾಕಿದರು. ಅವರ ಕೂಗು ನಿನಗೆ ನೆನಪಿರಬೇಕು. ಹೆಪ್ಪು ಬೀಳುವಾಗ ಎಷ್ಟು ಜೋರಾಗಿ ಕೂಗಿದರೆ ಬಿಯರು ಅಷ್ಟು ಜೋರು ಎಂದು ಎಲ್ಲರೂ ಕೂಗುತ್ತಾರೆ, ಆದರೆ ನಿನ್ನ ಅಪ್ಪ ಹಾಲ್ವರ್ ಕೂಗಿದರೆ ಚರ್ಚಿನ ಕಾಗೆಗಳು ಏಳುತ್ತಿದ್ದವು. ಚಿಕ್ಕಂದಿನಲ್ಲಿ ನೀನು ಮೊದಲೇ ಕಿವಿ ಮುಚ್ಚಿಕೊಂಡು, ಕೂಗಿಗಿಂತ ಮುಂಚೆಯೇ ನಗಲು ಶುರು ಮಾಡುತ್ತಿದ್ದೆ.

ಶನಿವಾರ ಮಧ್ಯಾಹ್ನ ಮೇಲಿನ ನೊರೆಯಿಂದ ಮುಂದಿನ ಸಲಕ್ಕೆ ಹೆಪ್ಪು ತೆಗೆಯಲು ಇಳಿದರು. ಅದೇ ಹೊತ್ತಿಗೆ ನಿನ್ನ ಫೋನು ಬಂತು. ಕಿವಿಯ ಯಂತ್ರ ತೆಗೆದಿಟ್ಟಿದ್ದೆ, ಫೋನನ್ನು ನೆಲಮಾಳಿಗೆ ಬಾಗಿಲ ಪಕ್ಕದ ಹಲಗೆಯ ಮೇಲಿಟ್ಟು ದನಿ ಪೂರ್ತಿ ಏರಿಸಿಕೊಂಡು ಮಾತಾಡಿದೆ. ನಡುವೆ ನೀನು “ಇಲ್ಲಿಗೂ ಕೇಳಿಸ್ತಮ್ಮ” ಎಂದು ನಕ್ಕೆ. ನಾನು ಅರಚುತ್ತಿದ್ದೇನೆಂದುಕೊಂಡು ಮೆಲ್ಲಗೆ ಮಾತಾಡಿದೆ. ಫೋನ್ ಇಟ್ಟ ಮೇಲೆ ಸೂಪು ಬಿಸಿ ಮಾಡಿ ಕರೆದೆ. ಬರಲಿಲ್ಲ. ಇಳಿದೆ.

ಬಾಗಿಲ ಹತ್ತಿರವೇ ಸೋಡಾ ಕುಡಿದಾಗ ಆಗುವ ಹಾಗೆ ಮೂಗು ಚುರುಗುಟ್ಟಿತು. ಹಂಡೆಯ ಪಕ್ಕದಲ್ಲಿ ಅವರು ಬೋರಲು ಬಿದ್ದಿದ್ದರು. ಒಂದು ಕೈ ಬಾಮ್ಸೆಯ ಹೊಟ್ಟೆಯ ಕೆಳಗಿತ್ತು. ಆ ಮುದಿ ನಾಯಿ ಬೆಚ್ಚಗಿದೆಯೆಂದು ಮೊದಲೇ ನುಗ್ಗಿ ಮಲಗಿರಬೇಕು. ಅದು ಅಲುಗದ್ದನ್ನು ಕಂಡು ಅವರು ಕೂಗಿ, ಎತ್ತಲು ಬಗ್ಗಿದ್ದಾರೆ. ನಿಂತೇ ಇದ್ದಿದ್ದರೆ ಉಳಿಯುತ್ತಿದ್ದರೇನೋ. ನಾಯಿಗಾಗಿ ಬಗ್ಗಿದ ಮನುಷ್ಯನನ್ನು ಈ ಊರು ಕುಡುಕನೆನ್ನುತ್ತಿದೆ.

ಪಕ್ಕದ ಮನೆಗೆ ಓಡಿದೆ. ಔಡುನ್ ಉಸಿರು ಬಿಗಿಹಿಡಿದು ಒಳಗೆ ಹೋಗಿ ಅವರನ್ನು ಎಳೆದು ತಂದ. ತಡವಾಗಿತ್ತು. ಮೆಟ್ಟಿಲ ಮೇಲೆ ಕೂತು ಅಳುತ್ತಾ ಅವನು ಹೇಳಿದ ಮಾತು ನನ್ನ ಎದೆಯಲ್ಲಿ ಮೊಳೆಯ ಹಾಗೆ ಕೂತಿದೆ. “ಕೂಗಿದ್ದು ನಂಗೆ ಕೇಳಿಸ್ತು ಗೂರೊ. ಇನ್ನೊಂದು ಪೀಪಾಯಿಗೆ ಹೆಪ್ಪು ಹಾಕ್ತಿದಾನೆ ಅಂದ್ಕೊಂಡೆ. ಹೊಸ ಕೋಣೆ ಬಂದ್ಮೇಲೆ ಮುದುಕನಿಗೆ ಹರೆಯ ಬಂತು ಅಂತ ಹೆಂಡ್ತಿಗೆ ಹೇಳಿ ನಕ್ಬಿಟ್ಟೆ ಕಣೇ.”

ನಕ್ಕನಂತೆ. ತಾನೂ ಬಿಯರ್ ಮಾಡುವವನು. ಗುರುವಾರದ ಕೂಗನ್ನೂ ಕೇಳಿದವನು. ಹೆಪ್ಪು ಹಾಕುವ ಕೂಗಿಗೂ ನಾಯಿ ಸತ್ತಿದ್ದನ್ನು ಕಂಡ ಕೂಗಿಗೂ ವ್ಯತ್ಯಾಸ ತಿಳಿಯದ ಕಿವಿ ಎಂಥದ್ದು? ಆಗಲೇ ಓಡಿ ಬಂದಿದ್ದರೆ? ತಜ್ಞನನ್ನು ಬಿಟ್ಟರೂ ಬಿಟ್ಟೇನು, ಪುರಸಭೆಯನ್ನೂ ಬಿಟ್ಟೇನು. ಆ ಕೂಗು ಕೇಳಿ ನಕ್ಕವರನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.

ಇನ್ನು ಆ ಬಿಯರಿನ ಮಾತು. ಬರುವ ಶುಕ್ರವಾರ ಮಣ್ಣು. ಮಣ್ಣಿನ ದಿನ ಸತ್ತವರ ಮನೆಯ ಬಿಯರು ಇಲ್ಲದೆ ಈ ಕಣಿವೆಯಲ್ಲಿ ಯಾರನ್ನೂ ಕಳಿಸಿಲ್ಲ. ನಮ್ಮ ಮನೆಯಲ್ಲಿರುವುದು ಅದೊಂದೇ. “ಕೊಂದೋನನ್ನೇ ಊಟಕ್ಕೆ ಕರೀತೀಯೇನೇ? ಸುರಿದು ಹಾಕು” ಎಂದು ನನ್ನ ತಂಗಿ ಬೈದಳು. ಸುರಿಯಬೇಕೆಂದೇ ಬಾಗಿಲು ತೆರೆದಿಟ್ಟು ಇಳಿದೆ. ರುಚಿ ನೋಡಿದೆ. ನಿನ್ನ ಅಪ್ಪ ಇಷ್ಟು ಒಳ್ಳೆಯದನ್ನು ಎಂದೂ ಮಾಡಿರಲಿಲ್ಲ ಸುನ್ನಿವಾ. ಅದಕ್ಕೇ ಸಿಟ್ಟು ಬಂತು, ಆದರೂ ಸುರಿಯಲಿಲ್ಲ.

ಮೊದಲ ಬಟ್ಟಲನ್ನು ಕೆಳಗಿನಿಂದ ತರಬೇಕಾದವರು ಸತ್ತವರ ಮಕ್ಕಳು. ಅಜ್ಜಿ ಹೋದಾಗ ನಿನ್ನ ಅಪ್ಪ ತಂದರು. ಈಗ ನಿನ್ನನ್ನು ಬಿಟ್ಟು ಯಾರಿದ್ದಾರೆ? ನೀನು ಬಾರದಿದ್ದರೆ ಯಾರ ಕೈಯಿಂದಲೂ ತರಿಸುವುದಿಲ್ಲ. ಅವರು ಗೋಲಿ ಉರುಳಿಸಿ ಅಳತೆ ನೋಡಿದ ಮೋರಿಗೇ ಅಷ್ಟನ್ನೂ ಬಿಡುತ್ತೇನೆ. ಊರಿನ ಬಾಯಿಗೆ ಹೆದರಿ ಅಪ್ಪನನ್ನು ಬಿಟ್ಟುಕೊಡಬೇಡ. ಈ ಪತ್ರ ನಾಳೆ ಅಂಚೆಗೆ ಹೋಗುತ್ತದೆ.

ನಿನ್ನ ದಾರಿ ಕಾಯುವ
ಅಮ್ಮ, ಗೂರೊ

ತಾ.ಕ.: ಪತ್ರ ಮಡಿಸಿ, ಕಿವಿಯ ಯಂತ್ರ ಇಡಲು ನೆಲಮಾಳಿಗೆ ಬಾಗಿಲ ಪಕ್ಕದ ಹಲಗೆಯ ಹತ್ತಿರ ಹೋದೆ. ಫೋನು ಅಲ್ಲೇ ಇತ್ತು. ಆಗ ಹೊಳೆಯಿತು. ಅಂದು ನಿನಗೆ ಕೇಳಿಸಿದ್ದು ನನ್ನ ದನಿಯಲ್ಲ, ಕೆಳಗಿನಿಂದ ಬಂದ ಅಪ್ಪನ ಕೂಗು. ನೀನು ನಕ್ಕದ್ದು ಯಾಕೆ ಎಂಬುದೂ, ಕಾರಣ ಕೇಳಬೇಡ ಎಂದದ್ದು ಯಾಕೆ ಎಂಬುದೂ ಈಗ ತಿಳಿಯಿತು.

ನಕ್ಕವರನ್ನು ಕ್ಷಮಿಸುವುದಿಲ್ಲವೆಂದು ಮೇಲೆ ಬರೆದ ಸಾಲನ್ನು ಹೊಡೆದು ಹಾಕುವುದಿಲ್ಲ. ಹೊಡೆದರೆ ಅದರಡಿ ಏನಿತ್ತೆಂದು ನೀನು ಜೀವಮಾನವಿಡೀ ಊಹಿಸುತ್ತಿರುತ್ತೀಯ. ಓದು, ಆಮೇಲೆ ಇದನ್ನೂ ಓದು: ಆ ಸಾಲು ತಪ್ಪು. ಆ ಕೂಗಿಗೆ ನಗುವುದನ್ನು ನಿನಗೆ ಕಲಿಸಿದವರು ಅವರೇ, ನಿನಗೆ ನಡೆಯಲು ಬರುವ ಮುಂಚೆ. ಬೇರೆ ಹೇಗೆ ಕೇಳಿಸೀತು ಅದು? ಔಡುನ್‌ಗೂ ಹಾಗೇ ಕೇಳಿಸಿದ್ದು.

ಈಗಷ್ಟೇ ಅವನ ಬಾಗಿಲು ತಟ್ಟಿ ಬಂದೆ. ಅಂಚೆ ಬೇಡ, ನಾಳೆ ಬೆಳಿಗ್ಗೆ ಅವನೇ ಇದನ್ನು ತರುತ್ತಾನೆ. ಒಳಗೇನಿದೆಯೆಂದು ಅವನಿಗೆ ಗೊತ್ತಿಲ್ಲ. ನೀನು ಓದಿ ಮುಗಿಸುವವರೆಗೆ ಕೆಳಗೆ ಕಾರಿನಲ್ಲಿ ಕೂತಿರುತ್ತಾನೆ. ಅವನ ಜೊತೆ ಬಾ. ದಾರಿಯಲ್ಲಿ ಇಬ್ಬರೂ ಏನೂ ಮಾತಾಡದಿದ್ದರೂ ನಡೆಯುತ್ತದೆ.

ಬೆಕ್ಕಿನ ಕಿಂಡಿಯನ್ನು ಉಳಿಯಿಂದ ಒಡೆದು ತೆರೆದಿದ್ದೇನೆ. ಬತ್ತಿ ಹಿಡಿದು ಇಳಿದು, ನೆಲದ ಮೇಲಿಟ್ಟು ನೋಡಿದೆ. ಉರಿಯುತ್ತಿದೆ.