ತಂಗಿ ಕೂರುತ್ತಿದ್ದ ಸ್ಟೂಲು

ಅಪ್ಪಾ,

ನೀವು ಬಿಟ್ಟುಹೋದ ರೆಕಾರ್ಡ್ ಪ್ಲೇಯರು, ಸ್ಪೀಕರು ಎಲ್ಲ ಕೊಳ್ಳಲು ಇವತ್ತು ಹಳೇ ಸಾಮಾನಿನ ವ್ಯಾಪಾರಿ ಬಂದಿದ್ದ. ಗಿರಾಕಿಯ ಮುಖ ನೋಡಿ ಬೆಲೆ ಹೇಳುವವನು ನಾನು. ಅವನ ಕಣ್ಣು ಅರಳಿದ್ದೇ ತಡ, ಮನಸ್ಸಿನಲ್ಲೇ ಬೆಲೆ ಏರಿಸಿದೆ. ಅವನು ಎರಡೂ ಸ್ಪೀಕರು ಯಾವ ಕಡೆ ಮುಖ ಮಾಡಿವೆಯೆಂದು ಬಗ್ಗಿ ನೋಡಿ, ಕಿಟಕಿ ಪಕ್ಕದ ಕುಳ್ಳ ಸ್ಟೂಲಿನ ಮೇಲೆ ಹೋಗಿ ಕೂತ.

"ಇದೊಂದೇ ಜಾಗಕ್ಕೆ ಅಂತ ಹೊಂದಿಸಿದಾರೆ ಸ್ವಾಮಿ. ಹಾಡು ಸರಿಯಾಗಿ ಕೇಳೋದು ಇಲ್ಲಿ ಕೂತವರಿಗೆ ಮಾತ್ರ."

ಅದು ತಂಗಿಯ ಸ್ಟೂಲು. ನಾನು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದೆ. ನಿಮಗೆ ನೆನಪಿರಲಾರದು.

ಅವಳಿಗೆ ಫೋನು ಮಾಡಿದೆ. "ಮಾರಿಬಿಡೋ ಅಣ್ಣಾ. ಅಲ್ಲಿ ಕೂರಿಸಿ ಕೂರಿಸಿ ಅಪ್ಪ ನನ್ನ ಸೊಂಟ ಮುರಿದಿದ್ರು. ನೀನು ಆರಾಮಾಗಿ ಆಡ್ಕೊಂಡಿದ್ದೆ, ಪುಣ್ಯವಂತ!" ಎಂದು ನಕ್ಕಳು. ನನಗೆ ಹೊಟ್ಟೆ ಉರಿಯಿತು. ಬೇಡವೆನ್ನುವವಳಿಗೇ ಹುಡುಕಿ ಬಡಿಸಿದ್ದೀರಿ.

ಮಾರುವುದಿಲ್ಲವೆಂದು ವ್ಯಾಪಾರಿಯನ್ನು ಕಳಿಸಿಬಿಟ್ಟೆ. ಬುದ್ಧಿಯಿರುವ ಯಾರೂ ಅವನು ಕೊಡಲು ಸಿದ್ಧನಿದ್ದಂಥ ಬೆಲೆ ಬಿಡುತ್ತಿರಲಿಲ್ಲ. ಈಗ ಬಾಗಿಲು ಹಾಕಿಕೊಂಡು, ಮೊಣಕಾಲು ಗದ್ದಕ್ಕೆ ತಾಗುವ ಆ ಸ್ಟೂಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ರೆಕಾರ್ಡು ಹಾಡದೆ ಸುಮ್ಮನೆ ತಿರುಗುತ್ತಿದೆ. ಅದರ ಮೇಲೆ ಮುಳ್ಳು ಇಳಿಸುವುದನ್ನು ನೀವು ಅವಳೊಬ್ಬಳಿಗೇ ಕಲಿಸಿದ್ದಿರಿ.