ಅಜ್ಜಿ ಟ್ರಂಕು ಬಿಚ್ಚುವ ಮುಂಚೆ

ಅಣ್ಣಾ,

ಬಸ್ ಓಡಿಸಿ ಸುಸ್ತಾಗಿ ಬರ್ತೀಯ, ಗೊತ್ತು. ಆದರೂ ಇದನ್ನು ಓದಿ ಮಲಗು. ನಾನು ಹೊಲಿಗೆ ಅಂಗಡಿಗೆ ಹೊರಟೆ. ಫ್ರಿಜ್ ಹಿಂದೆ ನೇತಾಡ್ತಿರೋದು ನಿನ್ನ ಕಾಲುಚೀಲ. ಈ ಮನೆಯಲ್ಲಿ ಬೇರೆಲ್ಲೂ ಒಣಗಲ್ಲ.

ಬೆಳಿಗ್ಗೆ ಮಳೆ ನಿಂತುಬಿಟ್ಟಿತು ಕಣೋ, ಬಿಸಿಲೂ ಬಂತು. ಅಜ್ಜಿ ಸ್ವೆಟರ್ ತೊಟ್ಟು, ಬಂದಾಗಿಂದ ಬಿಚ್ಚದ ಅವಳ ಟ್ರಂಕಿನ ಮೇಲೆ ಕೂತು, "ನಡಿ, ದೊಡ್ಡ ಮನೆಗೆ ಹೋಗೋಣ" ಅಂದಳು. ನಮ್ಮಿಬ್ಬರನ್ನು ಈ ಊರಿಗೆ ಕರೆತಂದ ದಿನ, "ಮಳೆ ನಿಲ್ಲಲಿ, ದೊಡ್ಡ ಮನೆ ಹಿಡೀತೀನಿ" ಅಂತ ಮೂಗಿಗೆ ತುಪ್ಪ ಸವರಿದವನು ನೀನೇ. ಇಲ್ಲಿ ಮಳೆ ನಿಲ್ಲಲ್ಲ ಅನ್ನೋ ಧೈರ್ಯ, ಅಲ್ವಾ?

ರಾಜಕುಮಾರ ಅರಮನೆ ಹುಡುಕೋಕೆ ಹೋಗಿದ್ದಾನೆ ಅಂತ ನಾನೂ ಒಂದು ಕಥೆ ಬಿಟ್ಟೆ. "ಈ ಗೂಡಿನ ಬಾಡಿಗೆಗೇ ಅವನ ಉಸಿರು ಹೋಗ್ತಿದೆ. ನನ್ನ ಹತ್ರಾನೇ ಕಥೆ ಕಲಿತು ನಂಗೇ ಹೇಳ್ತೀಯೇನೇ?" ಅಂದಳು.

ಅವಳಿಗೆ ಎಲ್ಲಾ ಗೊತ್ತು. ದೊಡ್ಡ ಮನೆ ಹಿಡಿಯೋಕಾಗಲ್ಲ ಅಂತ ನಿನ್ನ ಬಾಯಿಂದಲೇ ಕೇಳಬೇಕಂತೆ. ಹೇಳು, ಬೈತಾಳೆ, ಬೈಸ್ಕೋ. ಟ್ರಂಕು ಬಿಚ್ಚಿದರೆ ನಿನ್ನ ಬೀರು ಖಾಲಿ ಮಾಡಿ ಅವಳ ಸೀರೆ ಜೋಡಿಸು. ಬಿಚ್ಚದಿದ್ದರೆ ಅವಳ ಜೊತೆ ನಾನೂ ವಾಪಸ್ ಊರಿಗೆ ಹೊರಡ್ತೀನಿ. ಈ ಗೂಡಲ್ಲಿ ನೀನೊಬ್ಬನೇ ಕೈಕಾಲು ಚಾಚಿ ಮಲಗು.

ತಂಗಿ